ಗಣಿತಜ್ಞ ಮಹಾವೀರಾಚಾರ್ಯರು: ಜೀವನ, ಕೃತಿ ಮತ್ತು ಶೇಷದ ಲೆಕ್ಕ

ಜಾತಿ, ಆದಾಯ, ವಾಸಸ್ಥಳ ಮುಂತಾದ ಪ್ರಮಾಣಪತ್ರಗಳಿಗಾಗಿ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸುವ ನಾಗರಿಕರು, ತಮಗೆ ದೊರೆಯುವ ಪತ್ರದಲ್ಲಿ ಶಾಯಿಯ ಸಹಿಗೆ ಬದಲಾಗಿ ಡಿಜಿಟಲ್ ಸಹಿ ಇರುವುದನ್ನು ಗಮನಿಸಿರಬಹುದು. ಅಧಿಕಾರಿಯ ಕೈಬರಹವೇ ಇಲ್ಲದ ಈ ಸಹಿಯನ್ನು ನಂಬುವುದು ಹೇಗೆ ಎಂಬ ಪ್ರಶ್ನೆ ಸಹಜವಾದದ್ದು. ಇದರ ಉತ್ತರವು ಭಾಗಾಕಾರ ಮಾಡಿದಾಗ ಉಳಿಯುವ ಶೇಷದ ಲೆಕ್ಕದಲ್ಲಿ ಅಡಗಿದೆ. ಒಂದು ದೊಡ್ಡ ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ಪರೀಕ್ಷಿಸುವುದೂ ಅದೇ ಲೆಕ್ಕದಿಂದ. ಸಹಿಯ ಕೀಲಿಯನ್ನು ಸಿದ್ಧಪಡಿಸುವುದೂ ಅದೇ ಲೆಕ್ಕದಿಂದ.

ಈ ಲೆಕ್ಕದ ಮುಖ್ಯ ಸಾಧನಗಳಲ್ಲಿ ಕೆಲವನ್ನು ಸುಮಾರು 1,170 ವರ್ಷಗಳ ಹಿಂದೆ ಕನ್ನಡ ನಾಡಿನಲ್ಲಿಯೇ ಕ್ರಮಬದ್ಧವಾಗಿ ಬರೆದಿಟ್ಟವರು ಮಹಾವೀರಾಚಾರ್ಯರು. ಅವರ ಗ್ರಂಥದ ಕನ್ನಡ ಅನುವಾದ 2000ರಲ್ಲಿ ಪ್ರಕಟವಾದದ್ದು ನಮ್ಮ ಶಿವಮೊಗ್ಗ ಜಿಲ್ಲೆಯ ಹೊಂಬುಜದಿಂದ. ಶಿವಮೊಗ್ಗ ನಗರದ ಕೋಟೆ ಪ್ರದೇಶದ ಹಾಗೂ ಭದ್ರಾವತಿಯ ನಾಗರಿಕರಿಗೆ ಈ ಎರಡು ಸಂಗತಿಗಳೂ ತಿಳಿದಿರಲಿ ಎಂಬ ಉದ್ದೇಶದಿಂದ ಅವರ ಜೀವನ ಮತ್ತು ಕೃತಿಯ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಕಾಲ ಮತ್ತು ರಾಜಾಶ್ರಯ

ಮಹಾವೀರಾಚಾರ್ಯರು ಕ್ರಿ.ಶ. 9ನೆಯ ಶತಮಾನದವರು, ಅವರ ಗ್ರಂಥರಚನೆಯ ಕಾಲ ಸುಮಾರು ಕ್ರಿ.ಶ. 850. ಅವರು ದಿಗಂಬರ ಜೈನ ಪರಂಪರೆಗೆ ಸೇರಿದವರು. ಹೆಸರಿನ ಸಾಮ್ಯದಿಂದ ಇವರನ್ನು ಇಪ್ಪತ್ತನಾಲ್ಕನೆಯ ತೀರ್ಥಂಕರರಾದ ವರ್ಧಮಾನ ಮಹಾವೀರರೊಡನೆ ಬೆರೆಸಬಾರದು. ಇಬ್ಬರ ನಡುವೆ ಹದಿಮೂರು ಶತಮಾನಗಳಿಗೂ ಹೆಚ್ಚಿನ ಅಂತರವಿದೆ. ಗ್ರಂಥದ ಮೊದಲಲ್ಲಿ ಆಚಾರ್ಯರು ನಮಸ್ಕರಿಸಿರುವುದು ಆ ತೀರ್ಥಂಕರರಿಗೇ. ತಮ್ಮ ತಂದೆತಾಯಿಯರ ಬಗ್ಗೆಯಾಗಲಿ, ಹುಟ್ಟಿದ ಊರಿನ ಬಗ್ಗೆಯಾಗಲಿ ಅವರು ಅಲ್ಲಿ ಏನನ್ನೂ ಹೇಳಿಕೊಂಡಿಲ್ಲ. ಆದರೆ ತಮ್ಮ ಕಾಲದ ದೊರೆ ಯಾರೆಂಬುದನ್ನು ಸ್ಪಷ್ಟವಾಗಿ ತಿಳಿಸಿದ್ದಾರೆ: ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗ.

ನೃಪತುಂಗನು ಕ್ರಿ.ಶ. 814ರಲ್ಲಿ ಬಾಲ್ಯದಲ್ಲಿಯೇ ಪಟ್ಟವೇರಿ, ದಂಗೆಗಳನ್ನು ಎದುರಿಸಿ, ಸುಮಾರು 64 ವರ್ಷಗಳ ಕಾಲ ಆಳಿದನು. ಅವನ ರಾಜಧಾನಿ ಮಾನ್ಯಖೇಟ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕನ್ನಡದ ಉಪಲಬ್ಧ ಗ್ರಂಥಗಳಲ್ಲಿ ಮೊದಲನೆಯದಾದ ಕವಿರಾಜಮಾರ್ಗವು ಅದೇ ಆಸ್ಥಾನದಲ್ಲಿ ರಚಿತವಾಯಿತು. ಆದಿಪುರಾಣದ ಜಿನಸೇನರು, ವ್ಯಾಕರಣಕಾರ ಶಾಕಟಾಯನರು ಅದೇ ಕಾಲದವರು. ಭಾಷೆಗೆ ಲಕ್ಷಣ, ಶಬ್ದಕ್ಕೆ ವ್ಯಾಕರಣ, ಸಂಖ್ಯೆಗೆ ಗಣಿತ, ಹೀಗೆ ಮೂರಕ್ಕೂ ಒಂದೇ ಆಳ್ವಿಕೆಯಲ್ಲಿ ಶಾಸ್ತ್ರಗ್ರಂಥ ದೊರೆತದ್ದು ನಾಡಿನ ಇತಿಹಾಸದಲ್ಲಿ ಅಪರೂಪದ ಸಂಗತಿ. ಕವಿರಾಜಮಾರ್ಗದ ಹೆಸರು ಇಂದು ಶಾಲೆಯ ಮಕ್ಕಳಿಗೂ ಗೊತ್ತು. ಗಣಿತದ ಗ್ರಂಥಕ್ಕೆ ಆ ಅದೃಷ್ಟ ಒದಗಲಿಲ್ಲ.

ಗಣಿತಸಾರಸಂಗ್ರಹ

ಮಹಾವೀರಾಚಾರ್ಯರ ಕೃತಿಯ ಹೆಸರು ಗಣಿತಸಾರಸಂಗ್ರಹ. ಭಾಷೆ ಸಂಸ್ಕೃತ, ರೂಪ ಪದ್ಯ, ಶ್ಲೋಕಗಳ ಸಂಖ್ಯೆ 1,100ಕ್ಕೂ ಹೆಚ್ಚು. ಅವರಿಗಿಂತ ಹಿಂದಿನ ಆರ್ಯಭಟ (ಕ್ರಿ.ಶ. 499) ಮತ್ತು ಬ್ರಹ್ಮಗುಪ್ತ (ಕ್ರಿ.ಶ. 628) ಗಣಿತವನ್ನು ಜ್ಯೋತಿಷ ಸಿದ್ಧಾಂತದ ಒಂದು ಭಾಗವಾಗಿ ಬರೆದರು. ಮಹಾವೀರಾಚಾರ್ಯರಾದರೋ ಗ್ರಹಗಳ ಚಲನೆಯನ್ನು ಬದಿಗಿಟ್ಟು, ಇಡೀ ಗ್ರಂಥವನ್ನು ಗಣಿತಕ್ಕೇ ಮೀಸಲಿಟ್ಟರು. ಅಂಗಡಿ, ಅಡುಗೆ, ವೈದ್ಯ, ಸಂಗೀತ, ನಾಟ್ಯ, ವಾಸ್ತು, ಛಂದಸ್ಸು, ತರ್ಕ, ವ್ಯಾಕರಣ ಎಲ್ಲದರಲ್ಲಿಯೂ ಗಣಿತಕ್ಕೆ ಕೆಲಸವಿದೆ ಎಂಬುದು ಅವರ ನಿಲುವು. ಹಿಂದಿನವರ ವಿದ್ಯೆಯ ಸಾರವನ್ನು ತಾವು ಆರಿಸಿ ಕೂಡಿಸಿದ್ದಾಗಿ ವಿನಯದಿಂದ ಹೇಳಿಕೊಂಡಿದ್ದಾರಾದರೂ, ಆರಿಸಿದ್ದರ ಜೊತೆಗೆ ಸ್ವಂತದ್ದೂ ಸಾಕಷ್ಟಿದೆ.

ಗ್ರಂಥದಲ್ಲಿ ಒಂಬತ್ತು ಅಧ್ಯಾಯಗಳಿವೆ. ಮೊದಲನೆಯದರಲ್ಲಿ ಅಳತೆ, ತೂಕ, ಧಾನ್ಯ, ಚಿನ್ನ, ಬೆಳ್ಳಿಗಳ ಪರಿಮಾಣಗಳೂ 24 ಸಂಖ್ಯಾಸ್ಥಾನಗಳ ಹೆಸರುಗಳೂ ಇವೆ. ಮುಂದೆ ಗುಣಾಕಾರ ಭಾಗಾಕಾರಾದಿ ಪರಿಕರ್ಮಗಳು, ಭಿನ್ನರಾಶಿ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರಗಣಿತ, ಗುಂಡಿ ತೋಡುವ ಲೆಕ್ಕ, ನೆರಳಿನ ಲೆಕ್ಕ ಎಂದು ವಿಷಯ ಸಾಗುತ್ತದೆ. ಭಿನ್ನರಾಶಿಗಳನ್ನು ಕೂಡಿಸುವಾಗ ಇಂದು ಶಾಲೆಯಲ್ಲಿ ಕಲಿಸುವ ಲ.ಸಾ.ಅ. ವಿಧಾನವನ್ನು ನಿರುದ್ಧ ಎಂಬ ಹೆಸರಿನಿಂದ ಇಲ್ಲಿ ಕೊಡಲಾಗಿದೆ. ಕೆಲವು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರವಿದೆ. ಷಡ್ರಸಗಳನ್ನು ಒಂದೊಂದಾಗಿ, ಎರಡೆರಡಾಗಿ, ಹೀಗೆ ಆರನ್ನೂ ಸೇರಿಸುವವರೆಗೆ ಬೆರೆಸಿದರೆ ಒಟ್ಟು 63 ರುಚಿಗಳು ಎಂಬಂತಹ ಲೆಕ್ಕ ಅದರಿಂದ ಸಿಗುತ್ತದೆ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದವರೂ ಇವರೇ.

ಮಿಶ್ರಕ ಅಧ್ಯಾಯದ ಸುವರ್ಣಕುಟ್ಟೀಕಾರವು ಬೇರೆ ಬೇರೆ ಬಣ್ಣದ, ಎಂದರೆ ಬೇರೆ ಬೇರೆ ಶುದ್ಧತೆಯ, ಚಿನ್ನವನ್ನು ಕರಗಿಸಿ ಸೇರಿಸುವ ಲೆಕ್ಕ. ಉದಾಹರಣೆಗೆ 10 ಬಣ್ಣದ 3 ತೂಕ ಮತ್ತು 14 ಬಣ್ಣದ 5 ತೂಕ ಸೇರಿಸಿದರೆ 12.5 ಬಣ್ಣದ 8 ತೂಕ ಚಿನ್ನ ಬರುತ್ತದೆ. ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದ ಹಿರಿಯರಿಗೆ ಈ ಲೆಕ್ಕವನ್ನು ಯಾರೂ ವಿವರಿಸಬೇಕಾಗಿಲ್ಲ.

ಗ್ರಂಥದಲ್ಲಿ ತಪ್ಪುಗಳೂ ಇವೆ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದು ಆಚಾರ್ಯರು ಬರೆದರು. ಇದು ಸರಿಯಲ್ಲ, ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಯಾವ ಸಂಖ್ಯೆಯಿಂದ ಭಾಗಿಸಬಹುದು, ಯಾವುದರಿಂದ ಭಾಗಿಸಲಾಗದು ಎಂಬ ಪ್ರಶ್ನೆಯೇ ಶೇಷದ ಲೆಕ್ಕದ ತಿರುಳಾಗಿರುವುದರಿಂದ ಈ ತಪ್ಪನ್ನು ಮುಚ್ಚಿಡುವುದಕ್ಕಿಂತ ಇಲ್ಲಿ ನೆನಪಿಟ್ಟುಕೊಳ್ಳುವುದು ಉಪಯುಕ್ತ.

ಬಾಳೆಹಣ್ಣು ಹಂಚುವ ಲೆಕ್ಕ

ಮಿಶ್ರಕ ಅಧ್ಯಾಯದಲ್ಲಿಯೇ ಕುಟ್ಟೀಕಾರ ಎಂಬ ದೊಡ್ಡ ಪ್ರಕರಣವಿದೆ. ಕುಟ್ಟು ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಒರಳಿನಲ್ಲಿ ಹಾಕಿ ಕುಟ್ಟಿದಂತೆ ದೊಡ್ಡ ಸಂಖ್ಯೆಗಳನ್ನು ಮತ್ತೆ ಮತ್ತೆ ಭಾಗಿಸಿ ಚಿಕ್ಕದಾಗಿಸುವುದು ಇದರ ಕ್ರಮ. ಆರ್ಯಭಟನ ಕಾಲದಿಂದ ಬಂದ ಈ ವಿಧಾನವನ್ನು ಜ್ಯೋತಿಷಿಗಳು ಗ್ರಹಗಳ ಆವರ್ತನೆಗಾಗಿ ಬಳಸುತ್ತಿದ್ದರು. ಮಹಾವೀರಾಚಾರ್ಯರು ಅದನ್ನು ಆಕಾಶದಿಂದ ತೋಟಕ್ಕೆ ಇಳಿಸಿದರು.

ಅವರ ಒಂದು ಲೆಕ್ಕದ ಸಾರ ಹೀಗಿದೆ. ಕಾಡಿನ ಅಂಚಿನಲ್ಲಿ ಬಾಳೆಹಣ್ಣಿನ 63 ರಾಶಿಗಳಿವೆ. ಎಲ್ಲ ರಾಶಿಗಳಲ್ಲಿಯೂ ಹಣ್ಣುಗಳ ಸಂಖ್ಯೆ ಸಮ. ಅವಲ್ಲದೆ 7 ಬಿಡಿ ಹಣ್ಣುಗಳಿವೆ. ಎಲ್ಲವನ್ನೂ 23 ಪ್ರಯಾಣಿಕರು ಏನೂ ಉಳಿಯದಂತೆ ಸಮನಾಗಿ ಹಂಚಿಕೊಂಡರು. ಹಾಗಾದರೆ ಒಂದು ರಾಶಿಯಲ್ಲಿ ಎಷ್ಟು ಹಣ್ಣು?

ಇಲ್ಲಿ ವಲ್ಲಿಕಾಕುಟ್ಟೀಕಾರವನ್ನು ಬಳಸಬೇಕು. ವಲ್ಲಿಕಾ ಎಂದರೆ ಬಳ್ಳಿ. 63ನ್ನು 23ರಿಂದ ಭಾಗಿಸಿದರೆ ಭಾಗಲಬ್ಧ 2, ಶೇಷ 17. 23ನ್ನು 17ರಿಂದ ಭಾಗಿಸಿದರೆ ಭಾಗಲಬ್ಧ 1, ಶೇಷ 6. 17ನ್ನು 6ರಿಂದ ಭಾಗಿಸಿದರೆ 2 ಮತ್ತು 5. 6ನ್ನು 5ರಿಂದ ಭಾಗಿಸಿದರೆ 1 ಮತ್ತು 1. ಭಾಗಲಬ್ಧಗಳನ್ನು ಒಂದರ ಕೆಳಗೊಂದು ಬರೆದಾಗ ಅದು ಇಳಿಬಿದ್ದ ಬಳ್ಳಿಯಂತೆ ಕಾಣುತ್ತದೆ. ಬಳಿಕ ಅದರ ಬುಡದಿಂದ ಮೇಲಕ್ಕೆ ಗುಣಿಸುತ್ತ, ಕೂಡಿಸುತ್ತ ಹತ್ತಿದರೆ ಉತ್ತರ ದೊರೆಯುತ್ತದೆ: ರಾಶಿಗೆ 5 ಹಣ್ಣು. ತಾಳೆ ನೋಡುವುದು ಸುಲಭ. 63 ರಾಶಿಗಳಲ್ಲಿ 315 ಹಣ್ಣು, ಬಿಡಿಯಾದ 7 ಸೇರಿ 322; ಒಬ್ಬೊಬ್ಬ ಪ್ರಯಾಣಿಕನಿಗೆ 14. ರಾಶಿಗೆ 28 ಅಥವಾ 51 ಹಣ್ಣು ಇದ್ದರೂ ಲೆಕ್ಕ ಸರಿಹೊಂದುತ್ತದೆ, ಏಕೆಂದರೆ ಉತ್ತರಕ್ಕೆ 23ನ್ನು ಎಷ್ಟು ಸಲ ಕೂಡಿಸಿದರೂ ಶೇಷ ಬದಲಾಗುವುದಿಲ್ಲ. ಸಂಖ್ಯೆ ಎಷ್ಟೇ ದೊಡ್ಡದಿರಲಿ, ಅದರ ಶೇಷವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವ ಈ ಕ್ರಮವನ್ನೇ ಇಂದು ಮಾಡ್ಯುಲರ್ ಅಂಕಗಣಿತ ಎಂದು ಕರೆಯಲಾಗುತ್ತದೆ. ಗಡಿಯಾರದಲ್ಲಿ 12 ದಾಟಿದ ಮೇಲೆ ಮತ್ತೆ 1 ಬರುವುದು ಇದೇ ಲೆಕ್ಕ.

ಪ್ರಯಾಣಿಕರು 23ರ ಬದಲು 21 ಮಂದಿ ಇದ್ದಿದ್ದರೆ? 63 ರಾಶಿಗಳನ್ನು 21 ಜನ ಯಾವಾಗಲೂ ಸಮನಾಗಿ ಹಂಚಿಕೊಳ್ಳಬಹುದು, ಆದರೆ ಬಿಡಿಯಾದ 7 ಹಣ್ಣು ಎಂದೆಂದಿಗೂ ಉಳಿದುಬಿಡುತ್ತವೆ. ಲೆಕ್ಕಕ್ಕೆ ಉತ್ತರವೇ ಇಲ್ಲ. 63 ಎಂಬುದು 21ರ ಗುಣಕವಾಗಿರುವುದೇ ಈ ತೊಡಕಿನ ಮೂಲ. 23 ಅವಿಭಾಜ್ಯ ಸಂಖ್ಯೆ. ಅವಿಭಾಜ್ಯ ಸಂಖ್ಯೆಯಷ್ಟು ಜನ ಹಂಚಿಕೊಳ್ಳುವಾಗ, ರಾಶಿಗಳ ಸಂಖ್ಯೆ ಆ ಅವಿಭಾಜ್ಯದ ಗುಣಕವಲ್ಲದಿದ್ದರೆ ಸಾಕು, ಬಿಡಿ ಹಣ್ಣು ಎಷ್ಟೇ ಇದ್ದರೂ ಉತ್ತರ ಸಿಕ್ಕೇ ಸಿಗುತ್ತದೆ. ಬೇರೆ ಮಾತಿನಲ್ಲಿ ಹೇಳುವುದಾದರೆ, ಅವಿಭಾಜ್ಯದ ಶೇಷಗಳ ಲೋಕದಲ್ಲಿ ಸೊನ್ನೆಯೊಂದನ್ನು ಬಿಟ್ಟು ಉಳಿದೆಲ್ಲದರಿಂದಲೂ ಭಾಗಿಸಬಹುದು. ಅವಿಭಾಜ್ಯ ಸಂಖ್ಯೆಗಳನ್ನು ಗುರುತಿಸುವ ಹಲವು ದಾರಿಗಳು ಈ ಗುಣದಿಂದ ಹೊರಡುತ್ತವೆ.

ಹಾರದಂತಹ ಸಂಖ್ಯೆಗಳು

ಎರಡನೆಯ ಅಧ್ಯಾಯದಲ್ಲಿ, ಗುಣಾಕಾರ ಕಲಿಸುವಾಗ, ಆಚಾರ್ಯರು ವಿನೋದಕ್ಕೆಂದು ಕೆಲವು ಸಂಖ್ಯೆಗಳನ್ನು ಕೊಟ್ಟಿದ್ದಾರೆ. ಉತ್ತರವು ಕೊರಳಿನ ಹಾರದಂತೆ ಎರಡೂ ಕಡೆಯಿಂದ ಒಂದೇ ಆಗಿ ಕಾಣುತ್ತದೆ. 139ನ್ನು 109ರಿಂದ ಗುಣಿಸಿದರೆ 15151. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು, 111111111. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು, 11111111. ಮನೆಯಲ್ಲಿ ಮಕ್ಕಳಿಂದ ಈ ಗುಣಾಕಾರಗಳನ್ನು ಮಾಡಿಸಿ ನೋಡಬಹುದು.

ಇದು ಬರಿಯ ವಿನೋದವೆಂದು ತಳ್ಳಿಹಾಕುವಂತಿಲ್ಲ. ಇಂತಹ ಸಂಖ್ಯೆಗಳನ್ನು ಹುಡುಕಬೇಕಾದರೆ ಒಂದುಗಳ ಸಾಲನ್ನು ಯಾವ ಸಂಖ್ಯೆ ನಿಶ್ಶೇಷವಾಗಿ ಭಾಗಿಸುತ್ತದೆ ಎಂಬುದನ್ನು ಕಂಡುಕೊಳ್ಳಬೇಕು. 73 ಅವಿಭಾಜ್ಯ. ಎಂಟು ಒಂದುಗಳನ್ನು ಅದು ಭಾಗಿಸುವುದರಿಂದ ಎಂಟು ಒಂಬತ್ತುಗಳನ್ನೂ ಭಾಗಿಸುತ್ತದೆ. ಆದ್ದರಿಂದ 10ರ 8ನೆಯ ಘಾತವನ್ನು 73ರಿಂದ ಭಾಗಿಸಿದರೆ ಶೇಷ 1. 73ರಲ್ಲಿ ಒಂದು ಕಳೆದರೆ 72, ಅದು 8ರ ಒಂಬತ್ತು ಪಟ್ಟು. ಹೀಗಾಗಿ 72 ಒಂಬತ್ತುಗಳ ಸಾಲೂ 73ರಿಂದ ಭಾಗವಾಗುತ್ತದೆ. 7ನ್ನು ತೆಗೆದುಕೊಂಡರೆ ಆರು ಒಂಬತ್ತುಗಳು, 999999, ಅದರಿಂದ ಭಾಗವಾಗುತ್ತವೆ. ಅವಿಭಾಜ್ಯ ಸಂಖ್ಯೆಯಲ್ಲಿ ಒಂದನ್ನು ಕಳೆದು, ಅಷ್ಟು ಒಂಬತ್ತುಗಳನ್ನು ಬರೆದರೆ ಅದು ಭಾಗವಾಗಲೇಬೇಕು (2 ಮತ್ತು 5 ಮಾತ್ರ ಇದಕ್ಕೆ ಹೊರತು). ಈ ನಿಯಮವನ್ನು ಆಚಾರ್ಯರು ಹೇಳಲಿಲ್ಲ. ನಿಯಮದ ನಿದರ್ಶನಗಳು ಮಾತ್ರ ಅವರ ಕೈಯಲ್ಲಿ ಹಾರಗಳಾಗಿ ಉಳಿದವು.

ಸೊನ್ನೆ ಮತ್ತು ಒಂದು: ಘಾತದ ಹತ್ತಿರದ ದಾರಿ

ಅದೇ ಅಧ್ಯಾಯದಲ್ಲಿ ಗುಣೋತ್ತರ ಶ್ರೇಢಿಯ ಮೊತ್ತವನ್ನು ಕಂಡುಹಿಡಿಯುವಾಗ ಒಂದು ಸಂಖ್ಯೆಯ ದೊಡ್ಡ ಘಾತ ಬೇಕಾಗುತ್ತದೆ. ಅದಕ್ಕೆ ಮಹಾವೀರಾಚಾರ್ಯರು ಕೊಟ್ಟ ವಿಧಾನವು ಪಿಂಗಲನ ಛಂದಶ್ಶಾಸ್ತ್ರದಿಂದ ಬಂದದ್ದು. ಈ ಪುಟದ ದೃಷ್ಟಿಯಿಂದ ಅದೇ ಗ್ರಂಥದ ಅತ್ಯಂತ ಬೆಲೆಯುಳ್ಳ ಭಾಗ. ಘಾತಸಂಖ್ಯೆ ಸಮವಾಗಿದ್ದರೆ ಅರ್ಧ ಮಾಡಿ ಸೊನ್ನೆ ಬರೆಯಬೇಕು. ಬೆಸವಾಗಿದ್ದರೆ ಒಂದನ್ನು ಕಳೆದು ಒಂದು ಎಂದು ಬರೆಯಬೇಕು. ಹೀಗೆ ಏನೂ ಉಳಿಯದವರೆಗೆ ಮಾಡಿ, ಬಳಿಕ ಕೊನೆಯಿಂದ ಹಿಂದಕ್ಕೆ ಬರಬೇಕು: ಒಂದು ಇದ್ದಲ್ಲಿ ಗುಣಿಸುವುದು, ಸೊನ್ನೆ ಇದ್ದಲ್ಲಿ ವರ್ಗ ಮಾಡುವುದು.

2ರ 90ನೆಯ ಘಾತವನ್ನು 91ರಿಂದ ಭಾಗಿಸಿದರೆ ಎಷ್ಟು ಉಳಿಯುತ್ತದೆ ಎಂದು ನೋಡೋಣ. 90 ಸಮ, ಸೊನ್ನೆ, 45 ಬೆಸ, ಒಂದು, 44, ಸೊನ್ನೆ, 22, ಸೊನ್ನೆ, 11, ಒಂದು, 10, ಸೊನ್ನೆ, 5, ಒಂದು, 4, ಸೊನ್ನೆ, 2, ಸೊನ್ನೆ, 1, ಒಂದು. ಈಗ ಹಿಂದಕ್ಕೆ ಬರುತ್ತ, ಪ್ರತಿ ಹೆಜ್ಜೆಯಲ್ಲಿಯೂ 91ರಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಳ್ಳೋಣ. 2, ಅದರ ವರ್ಗ 4, ಅದರ ವರ್ಗ 16, ಎರಡರಿಂದ ಗುಣಿಸಿ 32, ವರ್ಗ 1024, ಶೇಷ 23, ಎರಡರಿಂದ ಗುಣಿಸಿ 46, ವರ್ಗ 2116, ಶೇಷ 23, ವರ್ಗ 529, ಶೇಷ 74, ಎರಡರಿಂದ ಗುಣಿಸಿ 148, ಶೇಷ 57, ವರ್ಗ 3249, ಶೇಷ 64. ಉತ್ತರ 64. ಎಂಬತ್ತೊಂಬತ್ತು ಗುಣಾಕಾರಗಳ ಕೆಲಸ ಹತ್ತೇ ಹೆಜ್ಜೆಗಳಲ್ಲಿ ಮುಗಿಯಿತು. ಯಾವ ಹಂತದಲ್ಲಿಯೂ ನಾಲ್ಕು ಅಂಕಿಗಳಿಗಿಂತ ದೊಡ್ಡ ಸಂಖ್ಯೆ ಬರಲಿಲ್ಲ. ಇಂದಿನ ಗಣಕಯಂತ್ರಗಳು ದೊಡ್ಡ ಘಾತಗಳ ಶೇಷವನ್ನು ಕಾಣುವುದು ಸೊನ್ನೆ ಮತ್ತು ಒಂದರ ಇದೇ ಬಗೆಯ ಕ್ರಮದಿಂದ.

ಅವಿಭಾಜ್ಯತೆಯ ಪರೀಕ್ಷೆ

ಅವಿಭಾಜ್ಯ ಸಂಖ್ಯೆಗಳನ್ನು ಪರೀಕ್ಷಿಸುವ ಸೂತ್ರವನ್ನು ಮಹಾವೀರಾಚಾರ್ಯರು ಬರೆದರೆಂದು ಹೇಳಿದರೆ ಅದು ಅತಿಶಯೋಕ್ತಿಯಾಗುತ್ತದೆ. ನಮ್ಮ ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತೆಂಬ ಮಾತು ಅವರಿಗೆ ಗೌರವ ತರುವುದಿಲ್ಲ. ಆ ಸೂತ್ರ ದೊರೆತದ್ದು ಎಂಟು ಶತಮಾನಗಳ ನಂತರ, ಫ್ರಾನ್ಸ್ ದೇಶದಲ್ಲಿ. ತುಲೂಸ್ ನಗರದ ನ್ಯಾಯಸಭೆಯ ಸದಸ್ಯರಾಗಿದ್ದು, ಬಿಡುವಿನ ವೇಳೆಯಲ್ಲಿ ಗಣಿತ ಮಾಡುತ್ತಿದ್ದ ಪಿಯರ್ ದ ಫರ್ಮಾ 1640ರಲ್ಲಿ ಪತ್ರವೊಂದರಲ್ಲಿ ಇದನ್ನು ತಿಳಿಸಿದರು. ಒಂದು ಅವಿಭಾಜ್ಯ ಸಂಖ್ಯೆಯಿಂದ ಭಾಗವಾಗದ ಯಾವುದೇ ಸಂಖ್ಯೆಯನ್ನು ತೆಗೆದುಕೊಂಡು, ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಘಾತಕ್ಕೆ ಏರಿಸಿ, ಅದೇ ಅವಿಭಾಜ್ಯದಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಮೇಲೆ ಹೇಳಿದ ಒಂಬತ್ತುಗಳ ಸಾಲು, 10ನ್ನು ತೆಗೆದುಕೊಂಡಾಗಿನ ಇದೇ ನಿಯಮ. ಆಯ್ಲರ್ 1736ರಲ್ಲಿ ಇದರ ಸಾಧನೆಯನ್ನು ಪ್ರಸ್ತುತಪಡಿಸಿದರು. ಶೇಷದ ಲೆಕ್ಕಕ್ಕೆ ಇಂದು ಬಳಕೆಯಲ್ಲಿರುವ ಚಿಹ್ನೆಯನ್ನೂ ವ್ಯವಸ್ಥೆಯನ್ನೂ ಗೌಸ್ 1801ರಲ್ಲಿ ಕೊಟ್ಟರು.

ಶೇಷ 1 ಬಾರದಿದ್ದರೆ ಸಂಖ್ಯೆ ಅವಿಭಾಜ್ಯವಲ್ಲವೆಂಬುದು ಖಚಿತ. 91ರ ವಿಷಯದಲ್ಲಿ 64 ಬಂದಿತು. ಆದ್ದರಿಂದ 91 ಸಂಯುಕ್ತ ಸಂಖ್ಯೆ; ಅದರ ಅಪವರ್ತನಗಳು ಯಾವುವೆಂದು ಹುಡುಕದೆಯೇ ಇಷ್ಟನ್ನು ಹೇಳಿಬಿಡಬಹುದು. (ಅವು 7 ಮತ್ತು 13.) ಆದರೆ ಇದಕ್ಕೆ ವಿರುದ್ಧವಾದದ್ದು ಖಚಿತವಲ್ಲ. 2ರ ಬದಲು 10ನ್ನು ಬಳಸಿ 91ನ್ನು ಪರೀಕ್ಷಿಸಿದ್ದರೆ ಶೇಷ 1 ಬರುತ್ತಿತ್ತು, 91 ಅವಿಭಾಜ್ಯದ ವೇಷದಲ್ಲಿ ನುಸುಳಿಹೋಗುತ್ತಿತ್ತು. ಒಬ್ಬ ಸಾಕ್ಷಿಯ ಮಾತನ್ನು ಮಾತ್ರ ಕೇಳಿ ತೀರ್ಪು ಕೊಟ್ಟಂತೆ ಇದು. 561 ಇನ್ನೂ ಜಾಣ ಸಂಖ್ಯೆ: ತನ್ನ ಅಪವರ್ತನಗಳಾದ 3, 11, 17ರಿಂದ ಭಾಗವಾಗದ ಯಾವ ಸಂಖ್ಯೆಯನ್ನು ಸಾಕ್ಷಿಯಾಗಿ ಕರೆದರೂ ಅದು 1 ಎಂದೇ ಹೇಳುತ್ತದೆ. ಇಂತಹವನ್ನು 1910ರಲ್ಲಿ ಕಾರ್ಮೈಕೇಲ್ ಪ್ರಕಟಿಸಿದರು. ಈ ಮೋಸವನ್ನು ತಡೆಯಲು ಮಿಲ್ಲರ್ (1976) ಮತ್ತು ರಾಬಿನ್ (1980) ಪರೀಕ್ಷೆಯನ್ನು ಬಿಗಿಗೊಳಿಸಿದರು. ಅವರ ಕ್ರಮದಲ್ಲಿ ಸಂಯುಕ್ತ ಸಂಖ್ಯೆಯೊಂದು ಒಂದು ಸುತ್ತಿನಲ್ಲಿ ತಪ್ಪಿಸಿಕೊಳ್ಳುವ ಸಂಭವ ಹೆಚ್ಚೆಂದರೆ ನಾಲ್ಕರಲ್ಲಿ ಒಂದು. 20 ಸುತ್ತುಗಳ ನಂತರ ಅದು ಒಂದು ಲಕ್ಷ ಕೋಟಿಯಲ್ಲಿ ಒಂದಕ್ಕಿಂತ ಕಡಿಮೆ. ಸಂಭವದ ಮಾತೇ ಇಲ್ಲದೆ, ಖಚಿತವಾಗಿ ಮತ್ತು ಸಿದ್ಧಾಂತದ ದೃಷ್ಟಿಯಲ್ಲಿ ಮಿತವಾದ ಹೆಜ್ಜೆಗಳಲ್ಲಿ ತೀರ್ಮಾನ ಕೊಡುವ ಪರೀಕ್ಷೆ ಸಾಧ್ಯವೇ ಎಂಬ ಹಳೆಯ ಪ್ರಶ್ನೆಗೆ ಉತ್ತರ ದೊರೆತದ್ದು ಭಾರತದಲ್ಲಿ. 2002ರಲ್ಲಿ ಕಾನ್ಪುರದ ಐ.ಐ.ಟಿ.ಯ ಮಣೀಂದ್ರ ಅಗರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಅದನ್ನು ಸಾಧಿಸಿ ತೋರಿಸಿದರು. ಅದರ ಮೂಲವೂ ಫರ್ಮಾನ ನಿಯಮವೇ, ಲೆಕ್ಕವೂ ಶೇಷದ ಲೆಕ್ಕವೇ.

ಪ್ರಮಾಣಪತ್ರದ ಸಹಿ

ಇನ್ನು ನಾಗರಿಕರ ಕೈಯಲ್ಲಿರುವ ಪ್ರಮಾಣಪತ್ರಕ್ಕೆ ಬರೋಣ. ಡಿಜಿಟಲ್ ಸಹಿಗೆ ನಮ್ಮ ದೇಶದಲ್ಲಿ ಕಾನೂನಿನ ಮಾನ್ಯತೆ ದೊರೆತದ್ದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ದಿಂದ. ಇದಕ್ಕೆ ವ್ಯಾಪಕವಾಗಿ ಬಳಕೆಯಲ್ಲಿರುವ ವಿಧಾನಗಳಲ್ಲಿ ಒಂದು ಆರ್.ಎಸ್.ಎ.; ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು 1977ರಲ್ಲಿ ಇದನ್ನು ರೂಪಿಸಿದರು. ಚಿಕ್ಕ ಸಂಖ್ಯೆಗಳಿಂದ ಇದನ್ನು ತಿಳಿಯಬಹುದು.

5 ಮತ್ತು 11 ಎಂಬ ಎರಡು ಅವಿಭಾಜ್ಯಗಳನ್ನು ತೆಗೆದುಕೊಳ್ಳಿ. ಗುಣಲಬ್ಧ 55. ಒಂದೊಂದು ಕಳೆದ 4 ಮತ್ತು 10ರ ಗುಣಲಬ್ಧ 40. ಬಹಿರಂಗ ಕೀಲಿ 3 ಇರಲಿ. ಗುಪ್ತ ಕೀಲಿಗಾಗಿ, 3ನ್ನು ಎಷ್ಟರಿಂದ ಗುಣಿಸಿ 40ರಿಂದ ಭಾಗಿಸಿದರೆ 1 ಉಳಿಯುತ್ತದೆ ಎಂದು ಹುಡುಕಬೇಕು. ಇದು ಬಾಳೆಹಣ್ಣಿನ ಲೆಕ್ಕದ ಜಾತಿಯದೇ. ಕುಟ್ಟೀಕಾರದಿಂದ ಉತ್ತರ 27. ಪತ್ರದ ಸಾರವನ್ನು ಸೂಚಿಸುವ ಸಂಖ್ಯೆ 8 ಎಂದಿಟ್ಟುಕೊಂಡರೆ, ಅಧಿಕಾರಿಯ ಪರವಾಗಿ ಗಣಕಯಂತ್ರವು 8ರ 27ನೆಯ ಘಾತವನ್ನು 55ರಿಂದ ಭಾಗಿಸಿ ಶೇಷವನ್ನು ಪಡೆಯುತ್ತದೆ. ಅದು 2. ಇದೇ ಸಹಿ. ಪರಿಶೀಲಿಸುವವರು ಗುಪ್ತ ಕೀಲಿಯನ್ನು ತಿಳಿಯಬೇಕಾಗಿಲ್ಲ. ಸಹಿಯಾದ 2ನ್ನು ಬಹಿರಂಗ ಕೀಲಿಯಾದ 3ರ ಘಾತಕ್ಕೆ ಏರಿಸಿದರೆ 8 ಮರಳಿ ಬರುತ್ತದೆ, ಸಹಿ ಸರಿ ಎಂದು ತಿಳಿಯುತ್ತದೆ. ಪತ್ರದಲ್ಲಿ ಆದಾಯದ ಒಂದು ಅಂಕಿಯನ್ನು ತಿದ್ದಿದರೂ ಸಾರಸಂಖ್ಯೆ ಬದಲಾಗುತ್ತದೆ, ತಾಳೆ ತಪ್ಪುತ್ತದೆ.

ನಿಜವಾದ ಕೀಲಿಗಳಲ್ಲಿ 55ರ ಜಾಗದಲ್ಲಿ ಇರುವುದು ಬಹಳ ದೊಡ್ಡ ಸಂಖ್ಯೆ. 2048 ಬಿಟ್‌ಗಳ ಕೀಲಿಯಾದರೆ 617 ಅಂಕಿಗಳು. ಅದರ ಎರಡು ಅವಿಭಾಜ್ಯಗಳಲ್ಲಿ ಒಂದೊಂದಕ್ಕೂ 300ಕ್ಕಿಂತ ಹೆಚ್ಚು ಅಂಕಿಗಳಿರುತ್ತವೆ. ಅಷ್ಟು ದೊಡ್ಡ ಸಂಖ್ಯೆ ಅವಿಭಾಜ್ಯವೇ ಎಂದು 2, 3, 5, 7 ಎಂದು ಒಂದೊಂದರಿಂದ ಭಾಗಿಸಿ ನೋಡುತ್ತ ಕುಳಿತರೆ ಜಗತ್ತಿನ ಎಲ್ಲ ಗಣಕಯಂತ್ರಗಳನ್ನು ಸೇರಿಸಿದರೂ ಮುಗಿಯದು. ಶೇಷದ ಪರೀಕ್ಷೆಯಿಂದ ಅದು ಕ್ಷಣಮಾತ್ರದ ಕೆಲಸ. ಪರೀಕ್ಷೆಯಲ್ಲಿ ಒಂದು ಸಂಯುಕ್ತ ಸಂಖ್ಯೆ ಅವಿಭಾಜ್ಯವೆಂದು ತಪ್ಪಾಗಿ ತೇರ್ಗಡೆಯಾದರೆ, ಮೇಲಿನ ಲೆಕ್ಕದಲ್ಲಿ 8 ಮರಳಿ ಬರುತ್ತದೆಂಬ ಭರವಸೆ ಉಳಿಯುವುದಿಲ್ಲ. ಅರ್ಹ ಅರ್ಜಿದಾರನ ನಿಜವಾದ ಪತ್ರವೇ ತಿರಸ್ಕೃತವಾಗಬಹುದು. ದೊಡ್ಡ ಸಂಖ್ಯೆಯನ್ನು ಒಡೆಯುವುದು ಸುಲಭವಾಗಿಬಿಟ್ಟರೆ ಗುಪ್ತ ಕೀಲಿ ಬಯಲಾಗಿ, ಅನರ್ಹನೊಬ್ಬ ಸುಳ್ಳು ಪ್ರಮಾಣಪತ್ರದಿಂದ ಇನ್ನೊಬ್ಬರ ಸೀಟನ್ನೋ ಪಿಂಚಣಿಯನ್ನೋ ಕಸಿದುಕೊಳ್ಳಬಹುದು.

ಗ್ರಂಥ ಉಳಿದು ಬಂದ ಬಗೆ

ಗಣಿತಸಾರಸಂಗ್ರಹವು ದಕ್ಷಿಣ ಭಾರತದಲ್ಲಿ ಕೆಲವು ಶತಮಾನಗಳ ಕಾಲ ಪಠ್ಯವಾಗಿ ಬಳಕೆಯಲ್ಲಿತ್ತು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದನು. 12ನೆಯ ಶತಮಾನದ ಜೈನ ಕವಿ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ಬರೆದು ಈ ವಿದ್ಯೆಯನ್ನು ಜನರ ಭಾಷೆಗೆ ತಂದನು. ಅದೇ ಶತಮಾನದಲ್ಲಿ ಭಾಸ್ಕರಾಚಾರ್ಯರ ಲೀಲಾವತಿ ಹೊರಬಂದ ಮೇಲೆ ಮಹಾವೀರಾಚಾರ್ಯರ ಗ್ರಂಥ ಹಿಂದೆ ಸರಿಯಿತು. ಲೀಲಾವತಿಗೆ ವ್ಯಾಖ್ಯಾನಗಳ ಮೇಲೆ ವ್ಯಾಖ್ಯಾನಗಳು ಬಂದವು. ಇದು ತಾಳೆಯೋಲೆಗಳಲ್ಲಿ, ಮಠ ಬಸದಿಗಳ ಭಂಡಾರಗಳಲ್ಲಿ ಉಳಿಯಿತು.

ಆ ಓಲೆಗಳನ್ನು ಹುಡುಕಿ, ತಾಳೆ ನೋಡಿ, ಇಂಗ್ಲಿಷ್ ಅನುವಾದದೊಡನೆ ಮೊದಲು ಅಚ್ಚು ಮಾಡಿಸಿದವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು. ಅವರಿಗೆ ದೊರೆತ ಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು; ಮೂಡಬಿದಿರೆಯ ಜೈನ ಭಂಡಾರದ ಓಲೆಗರಿಯೂ ಅವರಿಗೆ ನೆರವಾಯಿತು. 1912ರಲ್ಲಿ ಮದರಾಸು ಸರ್ಕಾರಿ ಮುದ್ರಣಾಲಯದಿಂದ ಗ್ರಂಥ ಹೊರಬಂದಿತು. ಸಾವಿರ ವರ್ಷಗಳಿಗೂ ಹಳೆಯ ಗಣಿತಗ್ರಂಥವೊಂದನ್ನು ಸರ್ಕಾರಿ ಮುದ್ರಣಾಲಯವೇ ಅಚ್ಚು ಹಾಕಿದ್ದು ಸ್ಮರಣೀಯ. ಅಮೆರಿಕದ ಗಣಿತ ಇತಿಹಾಸಕಾರ ಡೇವಿಡ್ ಯೂಜೀನ್ ಸ್ಮಿತ್ ಅದಕ್ಕೆ ಪ್ರಸ್ತಾವನೆ ಬರೆದು, ಮಹಾವೀರಾಚಾರ್ಯರ ಹೆಸರನ್ನು ಹೊರದೇಶಗಳ ವಿದ್ವಾಂಸರ ಗಮನಕ್ಕೆ ತಂದರು. 1963ರಲ್ಲಿ ಸೊಲ್ಲಾಪುರದಿಂದ ಎಲ್. ಸಿ. ಜೈನ್ ಅವರ ಹಿಂದಿ ಅನುವಾದ ಪ್ರಕಟವಾಯಿತು.

ಕನ್ನಡ ನಾಡಿನ ದೊರೆಯ ಕಾಲದಲ್ಲಿ ಹುಟ್ಟಿದ ಗ್ರಂಥದ ಕನ್ನಡ ಅನುವಾದಕ್ಕೆ ಓದುಗರು 2000ದವರೆಗೆ ಕಾಯಬೇಕಾಯಿತು. ಮೈಸೂರಿನ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮ ಅವರು ಸಿದ್ಧಪಡಿಸಿದ ಅನುವಾದ ಮತ್ತು ಟಿಪ್ಪಣಿಗಳನ್ನು ಹೊಂಬುಜ ಜೈನ ಮಠದ ಶ್ರೀ ಸಿದ್ಧಾಂತಕೀರ್ತಿ ಗ್ರಂಥಮಾಲೆ ಆ ವರ್ಷ ಪ್ರಕಟಿಸಿತು. ಹೊಂಬುಜ, ಎಂದರೆ ಹುಂಚ, ಹೊಸನಗರ ತಾಲ್ಲೂಕಿನಲ್ಲಿದೆ. ಶಿವಮೊಗ್ಗದಿಂದ ಆಯನೂರು, ರಿಪ್ಪನ್‌ಪೇಟೆ ಮಾರ್ಗವಾಗಿ ಸುಮಾರು 60 ಕಿ.ಮೀ. ದೂರ. ಸಾಂತರ ಅರಸರ ಈ ಹಳೆಯ ರಾಜಧಾನಿಗೆ ಪದ್ಮಾವತಿ ದೇವಿಯ ದರ್ಶನಕ್ಕಾಗಿಯೂ, 11ನೆಯ ಶತಮಾನದ ಪಂಚಕೂಟ ಬಸದಿಯನ್ನು ನೋಡುವುದಕ್ಕಾಗಿಯೂ ನಮ್ಮ ಭಾಗದ ಅನೇಕರು ಹೋಗಿಬರುತ್ತಾರೆ. 63 ರಾಶಿ ಬಾಳೆಹಣ್ಣನ್ನು 23 ಪ್ರಯಾಣಿಕರಿಗೆ ಹಂಚಿದ ಲೆಕ್ಕ ಮೊದಲ ಬಾರಿಗೆ ಪೂರ್ಣ ಗ್ರಂಥದೊಡನೆ ಕನ್ನಡದಲ್ಲಿ ಅಚ್ಚಾಗಿ ಹೊರಬಂದದ್ದು ಆ ಊರಿನ ಮಠದಿಂದಲೇ.